ಆಯುಧಪೂಜೆಯ ದಿನ ಹತ್ತಿಕೊಂಡ ದೀಪ

ಮೊನ್ನೆ ನಮ್ಮ ಹುಬ್ಬಳ್ಳಿಯ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಮೇಲಿನ ಮನೆಯ ಹುಡುಗಿ ನನ್ನ ತೋಳು ಹಿಡಿದುಕೊಂಡಳು. ಹೊಸದಾಗಿ ಕಾರು ಕಲಿತವಳು. ಮುಖ ಬಿಳಿಚಿಕೊಂಡಿತ್ತು.

"ಆಂಟಿ, ಡ್ಯಾಶ್‌ಬೋರ್ಡಿನ್ಯಾಗ ಹಳದಿ ದೀಪ ಹತ್ತೇದ್ರಿ. ಎಂಜಿನ್ನಿನ ಚಿತ್ರ. ಅಪ್ಪಗ ಹೇಳಿದ್ರ ಚಾವಿ ಕಸಗೊಂಡಬಿಡ್ತಾರ."

ನಾನು ನಾಡಿ ಹಿಡಿಯುವ ವೈದ್ಯರ ಗತ್ತು ತಂದುಕೊಂಡು ವಿಚಾರಣೆ ಶುರುಮಾಡಿದೆ. ದೀಪ ಒಂದೇ ಸಮನೆ ಉರಿಯುತ್ತದೋ, ಮಿಣಕ್ ಮಿಣಕ್ ಅನ್ನುತ್ತದೋ? ಗಾಡಿ ಜಗ್ಗುತ್ತದೆಯೇ? ಸುಟ್ಟ ವಾಸನೆ ಇದೆಯೇ? ಕಾವಿನ ಮುಳ್ಳು ಮೇಲೆ ಹೋಗಿದೆಯೇ? ಯಾರಾದರೂ ಬಾನೆಟ್ ತೆಗೆದು ನೀರು ಹಾಕಿದರೇ? ಎಲ್ಲಕ್ಕೂ ಅವಳು ಇಲ್ಲ ಎಂದಳು. ದೀಪ ಮಾತ್ರ ಒಂದೇ ಸಮನೆ ಉರಿಯುತ್ತಿದೆ ಎಂದಳು. "ಹಂಗಾದ್ರ ಉಂಡು ಮಲಗು. ನಾಳೆ ಗ್ಯಾರೇಜಿಗೆ ತೋರ್ಸು. ಅದು ಬೈಯಾಕ ಬಂದಿಲ್ಲ, ಹೇಳಾಕ ಬಂದದ" ಎಂದು ಆಶೀರ್ವಾದ ಮಾಡಿ ಕಳಿಸಿದೆ.

ನೀವು ನನ್ನನ್ನು ದೊಡ್ಡ ಕಾರುಪಂಡಿತೆ ಎಂದು ತಿಳಿದುಕೊಂಡರೆ ಮೋಸ ಹೋಗುತ್ತೀರಿ. ಸ್ಟೆಪ್ನಿ ಬದಲಿಸುವುದು ನನಗೆ ಇವತ್ತಿಗೂ ಬಾರದು. ಗಿಯರ್ ಪೆಟ್ಟಿಗೆಯೊಳಗೆ ಏನಿದೆ ಎಂದು ಕೇಳಿದರೆ ಗಿಯರ್ ಇರಬೇಕು ಎನ್ನುವಷ್ಟೇ ನನ್ನ ಜ್ಞಾನ. ಆದರೆ ಆ ಒಂದು ಹಳದಿ ದೀಪದ ವಿಷಯದಲ್ಲಿ ಮಾತ್ರ ನನ್ನ ಮಾತು ಇಡೀ ಅಪಾರ್ಟ್‌ಮೆಂಟಿನಲ್ಲಿ ನಡೆಯುತ್ತದೆ. ಈ ಪಾಂಡಿತ್ಯ ನನಗೆ ಬಂದದ್ದು ಆಂಧ್ರದ ಹೆದ್ದಾರಿಯಲ್ಲಿ, ಒಂದು ಆಯುಧಪೂಜೆಯ ದಿನ, ಅತ್ತೆಯವರ ಕೃಪೆಯಿಂದ.

ಅದು ಎರಡು ಸಾವಿರದ ಮೊದಲ ದಶಕದ ನಡುವಿನ ಮಾತು. ಬ್ಯಾಂಕಿನಲ್ಲಿ ನನಗೆ ಪ್ರಮೋಷನ್ ಕೊಟ್ಟು ವಿಶಾಖಪಟ್ಟಣದ ದ್ವಾರಕಾ ನಗರದ ಶಾಖೆಗೆ ಹಾಕಿದ್ದರು. ನಮ್ಮ ಮನೆಯವರು, ಅಂದರೆ ಶ್ರೀಧರ, ವಿಜಯವಾಡದ ಆಸ್ಪತ್ರೆಯೊಂದರ ಆಡಳಿತ ವಿಭಾಗದಲ್ಲಿದ್ದರು. ಅಲ್ಲಿನ ಪಟಮಟದಲ್ಲಿ ಬಾಡಿಗೆ ಮನೆ. ಎರಡೂ ಊರು ಒಂದೇ ರಾಜ್ಯದಲ್ಲಿದ್ದದ್ದರಿಂದ "ನಿಮ್ಮನ್ನು ಯಜಮಾನರ ಹತ್ತಿರವೇ ಹಾಕಿದ್ದೇವೆ" ಎಂದು ಮೇಲಿನವರು ಉಪಕಾರ ಹೊರಿಸಿದರು. ನಡುವೆ ಗೋದಾವರಿ ಇದೆ, ಏಳೆಂಟು ತಾಸಿನ ದಾರಿ ಇದೆ ಎನ್ನುವುದು ಅವರ ನಕ್ಷೆಯಲ್ಲಿ ಇರಲಿಲ್ಲವೆಂದು ಕಾಣುತ್ತದೆ. ಅತ್ತೆಯವರು ವಿಜಯವಾಡದ ಬಿಸಿಲಿಗೆ ಹೆದರಿ, ಸಮುದ್ರದ ಗಾಳಿ ಇರಲಿ ಎಂದು ನನ್ನ ಜೊತೆಗೆ ಬಂದರು. ಗಂಡ ಹೆಂಡತಿ ಒಂದು ಕಡೆ, ಅತ್ತೆ ಇನ್ನೊಂದು ಕಡೆ ಇರುವುದು ಲೋಕರೂಢಿ. ನಮ್ಮಲ್ಲಿ ಅತ್ತೆ ಸೊಸೆ ಒಂದು ಕಡೆ, ಗಂಡ ಇನ್ನೊಂದು ಕಡೆ.

ಅಲ್ಲಿ ನಾನು ಕಾರು ಕೊಂಡೆ. ತಿಳಿಬೂದು ಬಣ್ಣದ, ಸೆಕೆಂಡ್ ಹ್ಯಾಂಡ್, ಪುಟ್ಟ ಗಾಡಿ. ಮೊದಲು ಒಬ್ಬ ಹಲ್ಲಿನ ಡಾಕ್ಟರರದಾಗಿತ್ತು. ಬಾಗಿಲು ತೆಗೆದರೆ ಲವಂಗದೆಣ್ಣೆಯ ವಾಸನೆ. ಗದಗಿನ ಎರೆಭೂಮಿಯಲ್ಲಿ, ಕಣ್ಣು ಹಾಯಿಸಿದಷ್ಟೂ ಸಪಾಟು ಇರುವ ಕಡೆ ಬೆಳೆದವಳಿಗೆ ವಿಶಾಖಪಟ್ಟಣದ ಏರಿಳಿತದ ರಸ್ತೆಗಳು ದೊಡ್ಡ ಪರೀಕ್ಷೆ. ಏರಿನಲ್ಲಿ ಸಿಗ್ನಲ್ ಬಿದ್ದರೆ ನನ್ನ ಕಾರು ಮೆಲ್ಲನೆ ಹಿಂದಕ್ಕೆ ಜಾರಿ ಹಿಂದಿನವರಿಗೆ ನಮಸ್ಕಾರ ಮಾಡಲು ಹೋಗುತ್ತಿತ್ತು. ಡ್ರೈವಿಂಗ್ ಕಲಿಸುವ ಮೇಷ್ಟ್ರು "ಕಂಗಾರು ಪಡಕಂಡಿ ಮೇಡಂ" ಎಂದು ಸಮಾಧಾನ ಮಾಡುತ್ತಿದ್ದರು. ಗಾಬರಿಯಾಗಬೇಡಿ ಎಂದು ಅದರ ಅರ್ಥ. ಹಾಗೆ ಹೇಳುವಾಗ ಅವರ ಎರಡೂ ಕೈ ಸೀಟನ್ನು ಭದ್ರವಾಗಿ ಹಿಡಿದಿರುತ್ತಿದ್ದವು.

ಆದರೂ ಕಲಿತೆ. ನಲವತ್ತು ದಾಟಿದ ಮೇಲೆ ಕಲಿತ ವಿದ್ಯೆಗೆ ಒಂದು ವಿಶೇಷ ರುಚಿ ಇರುತ್ತದೆ. ಯಾರೂ ಕಲಿ ಎಂದು ಹೇಳಿರುವುದಿಲ್ಲ. ಸಂಜೆ ಬ್ಯಾಂಕು ಮುಗಿಸಿ ಬಂದು ಅತ್ತೆಯವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬೀಚ್ ರಸ್ತೆಯಲ್ಲಿ ಒಂದು ಸುತ್ತು ಹೋದರೆ ನನಗೆ ಅರಸೊತ್ತಿಗೆ ಸಿಕ್ಕ ಹಾಗೆ ಆಗುತ್ತಿತ್ತು. ಅತ್ತೆ ಮಾತ್ರ ಅದನ್ನು "ಈ ಡಬ್ಬಿ" ಎಂದೇ ಕರೆಯುತ್ತಿದ್ದರು. "ಈ ಡಬ್ಬಿಯೊಳಗ ಕೂತ್ರ ಕಾಲು ಜೋಮು ಹಿಡೀತಾವ" ಎಂದು ಗೊಣಗುತ್ತಲೇ ಸಂಜೆ ನಾಲ್ಕಕ್ಕೇ ಸೀರೆ ಬದಲಿಸಿ ಬಾಗಿಲಲ್ಲಿ ಕೂತಿರುತ್ತಿದ್ದರು.

ಒಂದು ಸಂಜೆ ಬೀಚಿನ ಹತ್ತಿರ ಹೆಡ್‌ಲೈಟ್ ಆರಿಸದೆ ಕಾರು ನಿಲ್ಲಿಸಿ, ಮುರಿ ಮಿಕ್ಸ್ಚರ್, ಅಂದರೆ ಅಲ್ಲಿನ ಚುರುಮುರಿ, ತಿನ್ನುತ್ತ ಸಮುದ್ರ ನೋಡುತ್ತ ಕೂತೆವು. ಮರಳಿ ಬಂದಾಗ ಬ್ಯಾಟರಿ ಖಾಲಿಯಾಗಿ ಗಾಡಿ ಉಸಿರು ಬಿಟ್ಟಿತ್ತು. ಯಾರೋ ನಾಲ್ಕು ಜನ ನೂಕಿದರು, ಅದು ಹೊರಟಿತು, ನಾವು ಮನೆಗೆ ಬಂದೆವು. ಇಷ್ಟೇ. ಆದರೆ ನಾನು ಫೋನಿನಲ್ಲಿ ಇದನ್ನು ತಮಾಷೆ ಮಾಡಿ ಹೇಳಿದ್ದೇ ತಡ, ಶ್ರೀಧರ ಮರುದಿನದ ರೈಲಿಗೇ ಬಂದು ಇಳಿದರು. ಅವರನ್ನು ದೂಷಿಸುವ ಹಾಗಿಲ್ಲ. ಆಸ್ಪತ್ರೆಯಲ್ಲಿ ಹೆದ್ದಾರಿಯ ಅಪಘಾತಗಳನ್ನು ದಿನವೂ ನೋಡುವ ಮನುಷ್ಯ. ಅವರಿಗೆ ಕಾರು ಎಂದರೆ ಸ್ಟ್ರೆಚರಿನ ಮೊದಲ ಹಂತ.

"ನೀ ಓಡಸ್ತಿ, ಖರೆ. ರಸ್ತೆದಾಗ ಕೆಟ್ಟ ನಿಂತ್ರ ಏನ್ ಮಾಡ್ತಿ?" ಎಂದು ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದೇ ನನಗೆ ಅವಮಾನವಾದದ್ದು. ಬ್ಯಾಂಕಿನಲ್ಲಿ ಯಾರು ಏನು ಕೇಳಿದರೂ ಪಟಪಟ ಹೇಳುವ ನಾನು, ಆ ಪ್ರಶ್ನೆಗೆ ಚಟ್ನಿಗೆ ಒಗ್ಗರಣೆ ಹಾಕುವ ನೆವದಲ್ಲಿ ಅಡುಗೆಮನೆಗೆ ಹೋದೆ. ದಸರೆ ಹತ್ತಿರ ಬಂದಾಗ ಅವರು ವಿಜಯವಾಡದಿಂದ ಫೋನ್ ಮಾಡಿದರು. ಆಸ್ಪತ್ರೆಯ ಸಹೋದ್ಯೋಗಿ ಪ್ರಸಾದ್ ಗಾರು ಹಳೆಯ ಕಾರೊಂದನ್ನು ಹುಡುಕುತ್ತಿದ್ದಾರೆ, ನಮ್ಮದನ್ನು ನೋಡುತ್ತಾರೆ, ಹಿಡಿಸಿದರೆ ಕೊಟ್ಟುಬಿಡೋಣ, ಡ್ರೈವರ್ ಒಬ್ಬನನ್ನು ಗೊತ್ತುಮಾಡಿಕೊಂಡು ತೆಗೆದುಕೊಂಡು ಬಾ ಎಂದು. ಉತ್ತರವಿಲ್ಲದವರಿಗೆ ವಾದ ಮಾಡುವ ಹಕ್ಕೂ ಇರುವುದಿಲ್ಲ. ಒಪ್ಪಿಕೊಂಡೆ. ಡ್ರೈವರ್ ಮಾತ್ರ ಬೇಡ, ಕಡೆಯ ಸಲ ನಾನೇ ಓಡಿಸಿಕೊಂಡು ಬರುತ್ತೇನೆ ಎಂದೆ. ಕಡೆಗೆ "ಹಗಲಿನ್ಯಾಗ ಬಾ" ಎಂದರು. ಫೋನಿಟ್ಟ ಮೇಲೆ ನಾನು ಅತ್ತೆಗೆ ಕಾಣದ ಹಾಗೆ ಸ್ವಲ್ಪ ಅತ್ತೆ.

ಆಯುಧಪೂಜೆಯ ದಿನ ಬೆಳಿಗ್ಗೆ ಹೊರಡುವುದೆಂದು ಗೊತ್ತಾಯಿತು. ನಾನು ಮೇಲೆ ಬುತ್ತಿ ಕಟ್ಟುತ್ತಿದ್ದೆ: ರೊಟ್ಟಿ, ಎಣಗಾಯಿ, ಮೊಸರನ್ನ. ಕೆಳಗೆ ಅತ್ತೆ ಕಾರಿನ ಪೂಜೆಯ ಉಸ್ತುವಾರಿ ವಹಿಸಿಕೊಂಡಿದ್ದರು. ವಾಚ್‌ಮನ್ ಅಪ್ಪಲರಾಜು ಪೈಪು ಹಿಡಿದಿದ್ದ. ಅತ್ತೆಗೆ ತೆಲುಗು ಬಾರದು, ಅವನಿಗೆ ಕನ್ನಡ ಬಾರದು. ಆದರೂ ಅವರಿಬ್ಬರ ಸಂಭಾಷಣೆ ಯಾವತ್ತೂ ನಿಂತದ್ದಿಲ್ಲ. ನಾನು ಇಳಿದು ಬರುವಷ್ಟರಲ್ಲಿ ಕಾರು ಮದುಮಗನ ಹಾಗೆ ನಿಂತಿತ್ತು. ಮುಂದೆ ಬಾಳೆಕಂದು, ಚೆಂಡುಹೂವಿನ ಮಾಲೆ, ಗಾಜಿಗೆ ವಿಭೂತಿ, ಚಕ್ರಗಳ ಕೆಳಗೆ ನಿಂಬೆಹಣ್ಣು. ಕುಂಬಳಕಾಯಿ ಒಡೆದು, ನಿಂಬೆಹಣ್ಣು ಪಚ್ ಪಚ್ ಅನ್ನಿಸಿ ಹೊರಟೆವು. ಪೂಜೆ ಮಾಡಿದ ಗಾಡಿಯನ್ನು ಕದಲಿಸದೆ ಬಿಡಬಾರದು ಎಂದು ಅತ್ತೆಯ ಕಟ್ಟಪ್ಪಣೆ ಬೇರೆ ಇತ್ತು.

ಅನಕಾಪಲ್ಲಿ ದಾಟಿದ ಮೇಲೆ ಕಾರು ಸಣ್ಣಗೆ ಕೆಮ್ಮಿತು. ಮತ್ತೆ ಸ್ವಲ್ಪ ದೂರಕ್ಕೆ ಇನ್ನೊಮ್ಮೆ. ನಾನು ರಸ್ತೆಯ ಮೇಲಿನ ಲಾರಿಗಳಿಗೆ ಕಣ್ಣು ಕೊಟ್ಟಿದ್ದೆ. ಮೊದಲು ನೋಡಿದವರು ಅತ್ತೆ.

"ಸುನಂದಾ, ಇಲ್ಲೆ ಒಂದು ಹೊಸಾ ದೀಪ ಹತ್ತೇದ ನೋಡವಾ. ಝಾರಿ ಇದ್ದಂಗ ಅದ. ಪೂಜಿ ಮುಟ್ಟಿತು!" ಎಂದು ಎರಡೂ ಕೈ ಎತ್ತಿ ಮುಗಿದರು.

ನಾನು ಕಣ್ಣು ತಗ್ಗಿಸಿ ನೋಡಿದೆ. ಹಳದಿ ಬಣ್ಣದ ಪುಟ್ಟ ಆಕೃತಿ. ಅವರಿಗೆ ಮೂತಿ ಇರುವ ನೀರಿನ ಝಾರಿ ಕಂಡರೆ, ಬೀಚಿನ ಮೇಲೆ ದಡಕ್ಕೆ ತಂದಿಟ್ಟ ಸಬ್‌ಮೆರೀನನ್ನು ದಿನವೂ ನೋಡುತ್ತಿದ್ದ ನನಗೆ ಅದು ಸಾಕ್ಷಾತ್ ಸಬ್‌ಮೆರೀನೇ. ಎರಡೂ ನೀರಿಗೆ ಸಂಬಂಧಪಟ್ಟವು ಎಂದು ಆಗ ಹೊಳೆಯಲಿಲ್ಲ. ಎಂಜಿನ್ನಿಗೆ ಏನೋ ಆಗಿದೆ ಎಂದಷ್ಟೇ ಗೊತ್ತಾಯಿತು. ಏನಾಗಿದೆ ಎಂದು ಆ ದೀಪ ಹೇಳುವುದಿಲ್ಲ.

ಇಲ್ಲಿ ನನ್ನ ಅಜ್ಜಿಯ ಮಾತು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಗದಗಿನ ನಮ್ಮ ಮನೆಯಲ್ಲಿ ಸೂಚನೆಗಳಿಗೆ ಬರವಿರಲಿಲ್ಲ. ಹಲ್ಲಿ ಲೊಚಗುಟ್ಟಿದರೆ ಅಜ್ಜಿ ನೆಲಕ್ಕೆ ಬೆರಳು ಬಡಿದು "ಕೃಷ್ಣ ಕೃಷ್ಣ" ಎನ್ನುತ್ತಿದ್ದಳು. ಕಾಗೆ ಕೂಗಿದರೆ ಒಂದು ಹಿಡಿ ಅಕ್ಕಿ ಹೆಚ್ಚಿಗೆ ಬೀಳುತ್ತಿತ್ತು, ಬೀಗರು ಬರಬಹುದು ಎಂದು. ಬಿಕ್ಕಳಿಕೆ ಬಂದರೆ ಯಾರೋ ನೆನೆಸುತ್ತಿದ್ದಾರೆ, ಒಬ್ಬೊಬ್ಬರ ಹೆಸರು ಹೇಳು, ಸರಿಯಾದ ಹೆಸರಿಗೆ ನಿಲ್ಲುತ್ತದೆ. ಎಡಗಣ್ಣು ಅದುರಿದರೆ ಹೆಂಗಸರಿಗೆ ಒಳ್ಳೆಯದು. ಹೊರಡುವಾಗ ಒಂಟಿ ಸೀನು ಬಂದರೆ ಕೂತು ನೀರು ಕುಡಿದು ಹೊರಡು. ನಾನು ಕಾಲೇಜು ಸೇರಿದ ಮೇಲೆ ಇದನ್ನೆಲ್ಲ ನಕ್ಕು ತಳ್ಳಿಹಾಕಿದ್ದೆ. ಆದರೆ ಅಜ್ಜಿಯ ಶಾಸ್ತ್ರಕ್ಕೆ ಒಂದು ದೊಡ್ಡ ಗುಣವಿತ್ತು. ಅಲ್ಲಿ ಸೂಚನೆಯ ಜೊತೆಗೇ ಪರಿಹಾರವೂ ಇರುತ್ತಿತ್ತು. ಹಲ್ಲಿ ನುಡಿದು ಸುಮ್ಮನಾಗುತ್ತಿರಲಿಲ್ಲ, ಅದಕ್ಕೆ ಏನು ಮಾಡಬೇಕೆಂದು ಅಜ್ಜಿಗೆ ಗೊತ್ತಿರುತ್ತಿತ್ತು. ಈ ಹಳದಿ ದೀಪ ಪರಿಹಾರವಿಲ್ಲದ ಹಲ್ಲಿ.

ಒಂದು ಗ್ಯಾರೇಜು ಕಂಡಿತು. ಸಿಕ್ಕಿತಪ್ಪ ಎಂದು ಮರದ ನೆರಳಿಗೆ ಕಾರು ತಂದು ನಿಲ್ಲಿಸಿದೆ. ಗ್ಯಾರೇಜಿನ ಯಜಮಾನರು ಸ್ನಾನ ಮಾಡಿ ಹೊಸ ಪಂಚೆ ಉಟ್ಟು, ಹಣೆಗೆ ಕುಂಕುಮವಿಟ್ಟು ಸ್ಟೂಲಿನ ಮೇಲೆ ಕೂತಿದ್ದರು. ಒಳಗೆ ಕಟ್ಟೆಯ ಮೇಲೆ ಪಾನಾಗಳು, ಸುತ್ತಿಗೆ, ಜಾಕು, ಎಲ್ಲವೂ ಸಾಲಾಗಿ ಅರಿಸಿನ ಕುಂಕುಮ ಹಚ್ಚಿಕೊಂಡು ಮಲಗಿದ್ದವು. ನಾನು ನನ್ನ ಬ್ಯಾಂಕಿನ ತೆಲುಗಿನಲ್ಲಿ ಕಷ್ಟ ಹೇಳಿಕೊಂಡೆ. ಅವರು ಬಹಳ ಮರ್ಯಾದೆಯಿಂದ ಎದ್ದು ನಿಂತು ಕೇಳಿದರು. ಆಮೇಲೆ ಅಷ್ಟೇ ಮರ್ಯಾದೆಯಿಂದ ಕೈ ಮುಗಿದರು.

"ಈ ರೋಜು ಪನಿಮುಟ್ಲು ಮುಟ್ಟುಕೋಕೂಡದಮ್ಮಾ."

ಇವತ್ತು ಹತ್ಯಾರ ಮುಟ್ಟುವ ಹಾಗಿಲ್ಲ. ಪೂಜೆಗೆ ಇಟ್ಟದ್ದನ್ನು ನಾಳೆಯೇ ಎತ್ತುವುದು. ನಮ್ಮಲ್ಲೂ ಅದೇ ಪದ್ಧತಿ ತಾನೇ? ಅಜ್ಜಿ ಆ ದಿನ ಈಳಿಗೆಯನ್ನೂ ಪೂಜೆಗಿಟ್ಟು ತರಕಾರಿಯನ್ನು ಹಿಂದಿನ ದಿನವೇ ಹೆಚ್ಚಿಡುತ್ತಿದ್ದಳು. ಹೆದ್ದಾರಿಯುದ್ದಕ್ಕೂ ಇರುವ ಪಾನಾಗಳೆಲ್ಲ ಆ ಹೊತ್ತು ಹೂ ಮುಡಿದು ಮಲಗಿವೆ ಎಂದು ನನಗೆ ಹೊಳೆದದ್ದೇ ಆಗ. ಆ ಮನುಷ್ಯ ಕುರ್ಚಿ ಹಾಕಿಸಿ ಅತ್ತೆಯವರನ್ನು ಕೂರಿಸಿದರು, ಎಲೆಯಲ್ಲಿ ಪುಳಿಹೊರ, ಅಂದರೆ ಅವರ ಪುಳಿಯೋಗರೆ, ತಂದುಕೊಟ್ಟರು. ಸತ್ಕಾರಕ್ಕೆ ಕೊರತೆಯಿರಲಿಲ್ಲ, ರಿಪೇರಿ ಮಾತ್ರ ಇಲ್ಲ.

ಕಾರಿನೊಳಗಿನ ಕಿರುಪೆಟ್ಟಿಗೆಯಲ್ಲಿ ಅದರ ಕೈಪಿಡಿ ಇತ್ತು. ಕೊಂಡಂದಿನಿಂದ ಅದನ್ನು ಬಿಸಿಲಿಗೆ ಬೀಸಣಿಗೆಯಾಗಿ ಬಳಸಿದ್ದು ಬಿಟ್ಟರೆ ತೆರೆದು ನೋಡಿದ್ದಿಲ್ಲ. ಈಗ ಪುರಾಣ ಪಾರಾಯಣದ ಶ್ರದ್ಧೆಯಿಂದ ಕೂತೆ. ದೀಪ ಕೆಂಪಲ್ಲ, ಹಳದಿ. ಆದ್ದರಿಂದ ಇದ್ದಲ್ಲೇ ನಿಲ್ಲು ಎಂದಲ್ಲ, ಬೇಗ ತೋರಿಸು ಎಂದು. ಅದು ಮಿಣುಕಿದರೆ ಎಂಜಿನ್ನಿಗೆ ನಿಜವಾಗಿ ನೋವಾಗುತ್ತಿದೆ, ವೇಗ ಇಳಿಸಿ ನಿಲ್ಲಿಸು. ಒಂದೇ ಸಮನೆ ಉರಿದರೆ ಒಳಗಿನ ಕಂಪ್ಯೂಟರಿಗೆ ಯಾವುದೋ ಒಂದು ಮೂಲೆಯಿಂದ ತಪ್ಪು ಸುದ್ದಿ ಬರುತ್ತಿದೆ. ಓದುತ್ತ ಓದುತ್ತ ನನ್ನ ಎದೆ ಸ್ವಲ್ಪ ಹಗುರಾಯಿತು. ಆ ದೀಪ ಅಷ್ಟು ಹೊತ್ತೂ ಸಾವಿನ ಸುದ್ದಿ ಹೇಳುತ್ತಿದೆ ಎಂದುಕೊಂಡಿದ್ದೆ. ಅದು ಹೇಳುತ್ತಿದ್ದದ್ದು ಇನ್ನೂ ಸಮಯವಿದೆ ಎಂದು.

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ಕೂಡದಿದ್ದರೆ ನಾವು ಮೊದಲು ಕೇಳುವ ಪ್ರಶ್ನೆ ಒಂದೇ: ನಿನ್ನೆ ಸರಿಯಿತ್ತು, ಇವತ್ತು ಹೊಸದಾಗಿ ಆದದ್ದೇನು? ಅದನ್ನೇ ಕಾರಿಗೂ ಹಚ್ಚಿದೆ. ನಿನ್ನೆ ಬೀಚಿಗೆ ಹೋದಾಗ ದೀಪ ಇರಲಿಲ್ಲ. ಇವತ್ತು ಪೆಟ್ರೋಲು ಹಾಕಿಸಿಲ್ಲ. ಗುಂಡಿಗೆ ಇಳಿಸಿಲ್ಲ. ಹೊಸದಾಗಿ ಆದದ್ದು ಒಂದೇ.

"ಅತ್ತೀ, ಪೂಜಿ ಮಾಡುವಾಗ ಏನೇನ್ ಮಾಡಿದ್ರಿ?"

ಅತ್ತೆ ಪುಳಿಹೊರದ ಎಲೆಯನ್ನೇ ನೋಡುತ್ತ ಕೂತರು. ಹೊಸ ದೀಪದ ಮೇಲಿನ ಅವರ ಭಕ್ತಿ ನನ್ನ ಮುಖ ನೋಡಿದಾಗಲೇ ಇಳಿದುಹೋಗಿತ್ತು.

"ತೊಳಿಸಿದೆ."

"ಮ್ಯಾಲೆ ತೊಳಿಸಿದ್ರೋ, ಒಳಗೂ ತೊಳಿಸಿದ್ರೋ?"

"ಎಲ್ಲಾರೂ ಮ್ಯಾಲಷ್ಟ ತೊಳೀತಾರ. ಅದೇನ್ ಪೂಜಿ? ಎಳಿಯೂದು ಎಂಜಿನ್ನು, ಮಾಲಿ ಬಂಪರಿಗೆ! ಅಪ್ಪಲರಾಜುನ ಕಡಿಂದ ಗಾಡಿ ಟೊಪ್ಪಿಗಿ ತಗಿಸಿ, ಪೈಪು ಹಚ್ಚಿ, ಛಂದಾಗಿ ಎರೆಸಿದೆ. ಅರಿಷಿಣ ಹಚ್ಚಿದೆ. ಹೂ ಏರಿಸಿದೆ." ಒಂದು ಕ್ಷಣ ಬಿಟ್ಟು, ಸಣ್ಣ ದನಿಯಲ್ಲಿ ಸೇರಿಸಿದರು: "ಮಾರೂ ಗಾಡಿ ಅಲ್ಲೇನವಾ. ಇದ ಕಡೀ ಪೂಜಿ. ಅದಕ್ಕ ಏನೂ ಕಡಿಮಿ ಆಗಬಾರದು ಅನಿಸ್ತು."

ನಾನು ನಗಲೋ ಅಳಲೋ ತಿಳಿಯದೆ ಅವರ ಕೈ ಹಿಡಿದುಕೊಂಡೆ. ಡಬ್ಬಿ ಡಬ್ಬಿ ಎಂದು ಜರೆದದ್ದೆಲ್ಲ ಬರೀ ಬಾಯಿಮಾತು ಎಂದು ಆಗ ಗೊತ್ತಾಯಿತು. ಗಂಡನ ಮನೆಗೆ ಹೋಗುವ ಮಗಳಿಗೆ ಎಣ್ಣೆ ನೀರು ಹಾಕುವ ಹಾಗೆ ಅವರು ಕಾರಿಗೆ ಅಭ್ಯಂಜನ ಮಾಡಿಸಿದ್ದರು.

ಬಾನೆಟ್ ಎತ್ತಿದೆ. ಗ್ಯಾರೇಜಿನ ಯಜಮಾನರೂ ಬಂದು ಇಣುಕಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು "ಅಯ್ಯೋ ರಾಮಾ" ಎಂದರು. ಎಂಜಿನ್ನಿನ ತುಂಬ ಅರಿಸಿನದ ಪಟ್ಟೆಗಳು, ಕುಂಕುಮದ ಬೊಟ್ಟುಗಳು, ಸಂದಿಸಂದಿಯಲ್ಲೂ ಚೆಂಡುಹೂವಿನ ಎಸಳು. ಬಿಸಿಗೆ ಸ್ವಲ್ಪ ಬೆಂದು ಅಡುಗೆಮನೆಯ ವಾಸನೆ ಬರುತ್ತಿತ್ತು. ತಗ್ಗಿನ ಜಾಗಗಳಲ್ಲಿ ನೀರು ಇನ್ನೂ ನಿಂತಿತ್ತು.

ಆಗ ನೆನಪಾದದ್ದು ನನ್ನ ಅಪ್ಪನ ಸ್ಕೂಟರು. ಭಾನುವಾರ ಬೆಳಿಗ್ಗೆ ಅಪ್ಪ ಅದಕ್ಕೆ ಬಕೆಟ್ಟುಗಟ್ಟಲೆ ನೀರು ಸುರಿದು ತೊಳೆಯುತ್ತಿದ್ದರು, ಭಾನುವಾರ ಮಧ್ಯಾಹ್ನ ಅದು ಹೊರಡುತ್ತಿರಲಿಲ್ಲ. ಆಮೇಲೆ ಅಪ್ಪ ಪಕ್ಕದ ಮುಚ್ಚಳ ತೆಗೆದು, ಪ್ಲಗ್ಗಿನ ಕರಿ ಟೊಪ್ಪಿಗೆ ಎಳೆದು, "ಉಫ್ ಉಫ್" ಎಂದು ಊದಿ, ಧೋತರದ ಚುಂಗಿನಿಂದ ಒರೆಸಿ ನನ್ನ ಕೈಗೆ ಕೊಡುತ್ತಿದ್ದರು. ನನ್ನ ಕೆಲಸ ಅದನ್ನು ಬಿಸಿಲಿಗೆ ಹಿಡಿದು ನಿಲ್ಲುವುದು. ನೀರು ಹೋದರೆ ಜೀವ ಬರುತ್ತದೆ ಎಂದು ಅಪ್ಪ ಪ್ರತಿ ಭಾನುವಾರ ಹೇಳುತ್ತಿದ್ದರು, ಮುಂದಿನ ಭಾನುವಾರ ಮತ್ತೆ ನೀರು ಹಾಕುತ್ತಿದ್ದರು. ಬುದ್ಧಿ ಬಂದರೂ ಚಾಳಿ ಬಿಡದ ಮನೆತನ ನಮ್ಮದು.

ಪಾನಾ ಮುಟ್ಟುವ ಹಾಗಿಲ್ಲ, ಕೈ ಮುಟ್ಟಬಹುದಲ್ಲ? ಚಾವಿ ತೆಗೆದು ಕೈಯಲ್ಲಿ ಇಟ್ಟುಕೊಂಡು, ಎಂಜಿನ್ ತಣ್ಣಗಾಗುವ ತನಕ ಕಾದೆ. ವೈರುಗಳು ಬಂದು ಸೇರುವ ಕಡೆ ಪ್ಲಾಸ್ಟಿಕ್ಕಿನ ಜೋಡಣೆಗಳಿದ್ದವು. ಬೆರಳಲ್ಲಿ ಒತ್ತಿ ಎಳೆದರೆ ಬಿಚ್ಚಿಕೊಳ್ಳುತ್ತಿದ್ದವು. ಒಂದೊಂದನ್ನೇ ಬಿಚ್ಚಿ, ಊದಿ, ಒರೆಸಿ, ಮತ್ತೆ ಅದೇ ಜಾಗಕ್ಕೆ ಟಿಕ್ ಅನ್ನಿಸಿ ಕೂರಿಸಿದೆ. ಒರೆಸಲು ಅತ್ತೆ ತಮ್ಮ ಇಳಕಲ್ ಸೀರೆಯ ಸೆರಗನ್ನೇ ಮುಂದೆ ಹಿಡಿದರು. ಬೇಡವೆಂದರೆ ಕೇಳಲಿಲ್ಲ. ಎಂಜಿನ್ನಿನ ಪಕ್ಕದಲ್ಲಿದ್ದ ಒಂದರೊಳಗೆ ಅರಿಸಿನದ ಕೆಸರು ತುಂಬಿ, ಒಂದು ಹೂವಿನ ಎಸಳು ಅಂಟಿಕೊಂಡು ಕೂತಿತ್ತು. ಅದನ್ನು ಕಂಡಾಗ ನನಗಾದ ಸಂತೋಷ ಪ್ರಮೋಷನ್ನಿನ ಪತ್ರ ಬಂದಾಗಲೂ ಆಗಿರಲಿಲ್ಲ.

ಅಷ್ಟರಲ್ಲಿ ನನ್ನ ಮೊಬೈಲು ಹೊಡೆದುಕೊಂಡಿತು. ಕೈ ತುಂಬ ಮಸಿ, ಅರಿಸಿನ. ಅತ್ತೆ ಎತ್ತಿಕೊಂಡರು.

"ಶ್ರೀಧರಾ? ಹಾಂ, ಆರಾಮ ಇದ್ದೀವಿ. ಸುನಂದಾ ಈಗ ಎಂಜಿನ್ ಬಿಚ್ಯಾಳ, ಕೈ ಖಾಲಿ ಇಲ್ಲ. ಆಮ್ಯಾಲೆ ಮಾತಾಡ್ತಾಳ" ಎಂದು ಕಟ್ ಮಾಡಿದರು. ಹೆದ್ದಾರಿಯ ಅಪಘಾತಗಳನ್ನು ದಿನವೂ ನೋಡುವ ಆ ಬಡಪಾಯಿಯ ಸ್ಥಿತಿ ಆಗ ಏನಾಗಿರಬೇಕು ಎಂದು ನೀವೇ ಊಹಿಸಿ.

ಬಾನೆಟ್ ಬಿಸಿಲಿಗೆ ತೆರೆದಿಟ್ಟು ನಾವು ಬುತ್ತಿ ಬಿಚ್ಚಿದೆವು. ಗ್ಯಾರೇಜಿನವರಿಗೂ ರೊಟ್ಟಿ ಎಣಗಾಯಿ ಕೊಟ್ಟೆವು. ಆಮೇಲೆ ಚಾವಿ ತಿರುಗಿಸಿದೆ. ಎಂಜಿನ್ ಒಂದೇ ಏಟಿಗೆ ಹಿಡಿಯಿತು. ಕೆಮ್ಮು ಹೋಗಿತ್ತು, ಗಂಟಲು ಸಾಫು. ಆದರೆ ಹಳದಿ ದೀಪ ಇದ್ದ ಹಾಗೇ ಇತ್ತು.

ನಿಜ ಹೇಳುತ್ತೇನೆ, ಆಗ ನನಗೆ ಅಳು ಬಂತು. ಮತ್ತೆ ಕೈಪಿಡಿ ತೆಗೆದೆ. ಕೆಳಗಡೆ ಸಣ್ಣ ಅಕ್ಷರಗಳಲ್ಲಿ ಇತ್ತು: ದೋಷ ಹೋದ ಮೇಲೂ ದೀಪ ತಕ್ಷಣ ಆರುವುದಿಲ್ಲ, ಗಾಡಿ ಕೆಲವು ಸಲ ತಕರಾರಿಲ್ಲದೆ ಓಡಿದ ಮೇಲೆ ತಾನಾಗಿ ಆರುತ್ತದೆ. ಅಂದರೆ ಅದಕ್ಕೆ ಒಮ್ಮೆ ಅನುಮಾನ ಬಂದರೆ, ನಾಲ್ಕು ದಿನ ನೋಡಿಯೇ ನಂಬುವುದು. ಇಂಥ ಸ್ವಭಾವದ ಒಬ್ಬರನ್ನು ನಾನು ಮದುವೆಯಾಗಿ ಬಹಳ ವರ್ಷಗಳಾಗಿದ್ದವು. ಹಾಗಾಗಿ ಕೂಡಲೇ ಅರ್ಥವಾಯಿತು.

ಮುಂದೆ ಹೋಗಬೇಕೋ, ಕಾರು ಇಲ್ಲೇ ಬಿಟ್ಟು ಮುಂದಿನ ಊರು ತುನಿಗೆ ಹೋಗಿ ರೈಲು ಹತ್ತಬೇಕೋ? ನಿರ್ಧಾರ ನನ್ನದು, ಬೇರೆ ಯಾರೂ ಇರಲಿಲ್ಲ. ದೀಪ ಮಿಣುಕುತ್ತಿಲ್ಲ. ಕಾವಿನ ಮುಳ್ಳು ನಡುವೆ ಇದೆ. ವಾಸನೆ ಇಲ್ಲ, ಜಗ್ಗಾಟ ಇಲ್ಲ. ಕಾರಣ ಗೊತ್ತಿದೆ. "ಅತ್ತೀ, ಹೋಗೂಣ?" ಎಂದೆ. ಅವರು ಮುಂದಿನ ಸೀಟಿಗೆ ಹೋಗಿ ಕೂತು ಬೆಲ್ಟು ಹಾಕಿಕೊಂಡರು. ಅವತ್ತಿನ ತನಕ ಅವರು ಬೆಲ್ಟು ಹಾಕಿದವರಲ್ಲ.

ಗೋದಾವರಿಯ ಸೇತುವೆಯ ಮೇಲೆ ಅತ್ತೆ ಕಿಟಕಿಯಿಂದ ನದಿಗೆ ಕೈ ಮುಗಿದರು. ನಾನು ಒಂದು ಕಣ್ಣು ರಸ್ತೆಗೆ, ಇನ್ನೊಂದು ಕಣ್ಣು ದೀಪಕ್ಕೆ ಇಟ್ಟು ಓಡಿಸಿದೆ. ಏಲೂರು ದಾಟುವಷ್ಟರಲ್ಲಿ ದೀಪದ ಭಯ ಹೋಗಿ ಅದರ ಮೇಲೆ ಒಂದು ರೀತಿಯ ವಿಶ್ವಾಸ ಹುಟ್ಟಿತ್ತು. ಕೆಟ್ಟರೆ ಇದು ಮಿಣುಕಿ ಹೇಳುತ್ತದೆ, ಸುಮ್ಮನೆ ಕೈ ಕೊಡುವುದಿಲ್ಲ ಎಂದು. ದೀಪ ಹೊತ್ತುವ ಮೊದಲು ಎಷ್ಟು ಹೆದರಿ ಓಡಿಸುತ್ತಿದ್ದೆನೋ, ಹೊತ್ತಿದ ಮೇಲೆ ಅಷ್ಟು ಹೆದರಲಿಲ್ಲ. ಸಂಜೆ ಬೆಳಕಿರುವಾಗಲೇ ಪಟಮಟದ ಮನೆಯ ಮುಂದೆ ಬ್ರೇಕ್ ಹಾಕಿದೆ.

ಶ್ರೀಧರ ಗೇಟಿನಲ್ಲೇ ನಿಂತಿದ್ದರು. ಮೊದಲು ನನ್ನನ್ನು ನೋಡಿದರು, ಆಮೇಲೆ ಅವ್ವನನ್ನು, ಆಮೇಲೆ ಅವ್ವನ ಸೆರಗನ್ನು. ನನ್ನ ಕೈಯಿಂದ ಬುತ್ತಿಯ ಚೀಲ ತೆಗೆದುಕೊಂಡು ಒಳಗೆ ನಡೆದರು. ರಾತ್ರಿ ಅವರಿಗೆ ನಿದ್ದೆ ಬರಲಿಲ್ಲವೆಂದು ಮಂಚದ ಕಿರುಗುಟ್ಟುವಿಕೆಯಿಂದ ಗೊತ್ತಾಗುತ್ತಿತ್ತು. ನಾನು ಮಾತ್ರ ಅದನ್ನು ಕೇಳುತ್ತಲೇ ಕೊರಡಿನಂತೆ ನಿದ್ದೆಹೋದೆ.

ಮರುದಿನ ಬನ್ನಿಹಬ್ಬ. ಬೆಳಿಗ್ಗೆ ಪ್ರಸಾದ್ ಗಾರು ಬಂದರು. ಸಂಭಾವಿತರು, ಮಿತಮಾತಿನವರು. ಕಾರಿನ ಸುತ್ತ ಬಂದು, ಬಣ್ಣ ತಟ್ಟಿ ನೋಡಿ, ಒಳಗೆ ಕೂತು ಚಾವಿ ತಿರುಗಿಸಿದರು. ಉಳಿದ ದೀಪಗಳು ಆರಿದವು, ಆ ಒಂದು ಉಳಿಯಿತು.

"ಇದೇಮಿಟಿ ಮೇಡಂ?" ಎಂದು ಬೆರಳು ತೋರಿಸಿದರು.

ಅತ್ತೆ ಹಿಂದಿನಿಂದ ನನ್ನ ಬೆನ್ನು ಚಿವುಟಿದರು. ಕೆಟ್ಟಿದೆ ಎಂದು ಹೇಳು, ಬಿಟ್ಟು ಹೋಗುತ್ತಾರೆ ಎಂದು ಅದರ ತಾತ್ಪರ್ಯ. ನನ್ನ ಮನಸ್ಸಿಗೂ ಅದು ಬಾರದೆ ಇರಲಿಲ್ಲ. ಒಂದು ಸುಳ್ಳಿನ ದೂರದಲ್ಲಿ ಕಾರು ನನ್ನದಾಗಿ ಉಳಿಯುತ್ತಿತ್ತು. ಆದರೆ ಅಷ್ಟು ಕಷ್ಟಪಟ್ಟು ಅರ್ಥಮಾಡಿಕೊಂಡದ್ದನ್ನು ತಪ್ಪಾಗಿ ಹೇಳಲು ಬಾಯಿ ಬರಲಿಲ್ಲ. ಪೂಜೆಯಿಂದ ಹಿಡಿದು ಹೂವಿನ ಎಸಳಿನ ತನಕ ಎಲ್ಲವನ್ನೂ ಹೇಳಿದೆ. ಹಳದಿ ಎಂದರೇನು, ಮಿಣುಕಿದರೇನು, ಯಾವ ಜೋಡಣೆಯಲ್ಲಿ ನೀರು ನಿಂತಿತ್ತು, ದೀಪ ಇನ್ನೂ ಯಾಕೆ ಆರಿಲ್ಲ, ಯಾವಾಗ ಆರುತ್ತದೆ. ಬಾನೆಟ್ ತೆಗೆದು ಬೆರಳಿಟ್ಟು ತೋರಿಸಿದೆ. "ಗ್ಯಾರೇಜ್ ತೆರೆದ ಮೇಲೆ ಒಮ್ಮೆ ತೋರಿಸಬೇಕು, ಆದರೆ ಗಾಡಿ ಗಟ್ಟಿಯಾಗಿದೆ" ಎಂದು ಮುಗಿಸಿದೆ. (ಆ ದೀಪ ಆಮೇಲೆ ತಾನಾಗಿಯೇ ಆರಿತೆನ್ನಿ, ಹಬ್ಬದ ರಜೆ ಮುಗಿಯುವುದರೊಳಗೆ.)

ಪ್ರಸಾದ್ ಗಾರು ತಲೆದೂಗಿದರು. "ಇಂತ ಬಾಗಾ ಎವರೂ ಚೆಪ್ಪಲೇದಂಡಿ" ಎಂದರು. ಮಾರುವವರು ಯಾರೂ ಇಷ್ಟು ಚೆನ್ನಾಗಿ ಹೇಳಿಲ್ಲ, ನನಗೆ ಈ ಕಾರೇ ಬೇಕು ಎಂದುಬಿಟ್ಟರು. ಸತ್ಯ ಹೇಳಿ ಗಿರಾಕಿಯನ್ನು ಗಟ್ಟಿ ಮಾಡಿಕೊಂಡ ನನ್ನ ಜಾಣತನಕ್ಕೆ ಅತ್ತೆ ಹಣೆ ಬಡಿದುಕೊಂಡು ಒಳಗೆ ಹೋದರು. ನಾನು ಬಾನೆಟ್ ಮುಚ್ಚಿ ಅದರ ಮೇಲೆ ಕೈ ಇಟ್ಟು ನಿಂತೆ.

ಶ್ರೀಧರ ಅಷ್ಟು ಹೊತ್ತೂ ಗೋಡೆಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದರು. ಮೆಲ್ಲನೆ ಬಂದು ಪ್ರಸಾದ್ ಗಾರು ಅವರ ಹೆಗಲ ಮೇಲೆ ಕೈ ಇಟ್ಟರು.

"ತಪ್ಪು ತಿಳೀಬ್ಯಾಡ್ರಿ" ಎಂದು ಕನ್ನಡದಲ್ಲೇ ಶುರುಮಾಡಿ, ಆಮೇಲೆ ನೆನಪಾಗಿ ತೆಲುಗಿಗೆ ತಿರುಗಿದರು. "ಕಾರು ಅಮ್ಮಟ್ಲೇದಂಡಿ." ಮಾರುತ್ತಿಲ್ಲ.

ಪ್ರಸಾದ್ ಗಾರು ಒಮ್ಮೆ ಅವರನ್ನೂ ಒಮ್ಮೆ ನನ್ನನ್ನೂ ನೋಡಿ ನಕ್ಕರು. ಹಬ್ಬದ ದಿನವಾದ್ದರಿಂದ ಹೋಳಿಗೆ ತಿಂದು, ಬನ್ನಿ ಎಲೆ ಕೊಟ್ಟು ಹೋದರು. ಅವರು ಗೇಟು ದಾಟಿದ ಮೇಲೆ ನಾನು "ಯಾಕ್ರೀ?" ಎಂದೆ. "ನನ್ನ ಪ್ರಶ್ನೆಗೆ ಉತ್ತರ ಸಿಕ್ತು" ಎಂದಷ್ಟೇ ಹೇಳಿದರು. ನನಗೆ ಅಷ್ಟು ಸಾಕಾಗಿತ್ತು. ಅಲ್ಲೇ ಅಂಗಳದಲ್ಲಿ, ನೆರೆಯವರು ನೋಡಿದರೆ ನೋಡಲಿ ಎಂದು ಅವರ ಕೈ ಹಿಡಿದುಕೊಂಡೆ.

"ಅವ್ವಗ ವಿಮಾನ ಏಳೂದು ತೋರ್ಸೂಣು. ಗನ್ನವರಂ ತನಕಾ ಹೋಗಿ ಬರೂಣು, ನಡಿ" ಎಂದರು. ಅವರು ಮುಂದಿನ ಬಾಗಿಲು ತೆಗೆದರೆ ಅಲ್ಲಿ ಅತ್ತೆ ಆಗಲೇ ಕೂತಿದ್ದರು. "ಹಿಂದ ಕೂಡು" ಎಂದು ಮಗನಿಗೆ ಅಪ್ಪಣೆಯಾಯಿತು.

ಗನ್ನವರಂ ವಿಮಾನ ನಿಲ್ದಾಣದ ಬೇಲಿಯ ಹತ್ತಿರ ಕಾರು ನಿಲ್ಲಿಸಿ ಹಿಂದೆ ತಿರುಗಿ ನೋಡಿದೆ. ನಾನು ಹೆದ್ದಾರಿಯಲ್ಲಿ ಓಡಿಸುತ್ತಿರುವಾಗ, ಕಾರು ಎಂದರೆ ಸ್ಟ್ರೆಚರೇ ನೆನಪಾಗುವ ನನ್ನ ಗಂಡ ಹಿಂದಿನ ಸೀಟಿನಲ್ಲಿ ತಲೆ ಒರಗಿಸಿ, ಬಾಯಿ ತೆರೆದು ಗಾಢ ನಿದ್ದೆಗೆ ಜಾರಿದ್ದರು. "ಎಬ್ಬಸಬ್ಯಾಡ" ಎಂದು ಅತ್ತೆ ಪಿಸುಗುಟ್ಟಿದರು. ಬಾಗಿಲು ಸದ್ದಾಗದ ಹಾಗೆ ಮುಚ್ಚಿ, ನಾವಿಬ್ಬರೇ ಬೇಲಿಗೆ ಹೋಗಿ ನಿಂತು ವಿಮಾನ ಏಳುವುದನ್ನು ನೋಡಿದೆವು.